ಬಹುಮಾನದ ನಿರೀಕ್ಷೆ ಮತ್ತು ಕಣ್ಣಿನ ನೆನಪು: ಒಂದು ಸಂಶೋಧನೆಯ ಚರಿತ್ರೆ

"ಈ ಸಲ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ ಸೈಕಲ್ ಕೊಡಿಸುತ್ತೇನೆ" ಎಂದು ಮಗನಿಗೋ ಮಗಳಿಗೋ ಮಾತು ಕೊಡದ ತಂದೆ ತಾಯಿ ನಮ್ಮಲ್ಲಿ ವಿರಳ. ಮನೆಯಲ್ಲಿ ಸೈಕಲ್, ಶಾಲೆಯಲ್ಲಿ ಪದಕ, ಸಂಘ ಸಂಸ್ಥೆಗಳ ವೇದಿಕೆಯಲ್ಲಿ ಶಾಲು, ಸ್ಮರಣಿಕೆ, ವಿದ್ಯಾರ್ಥಿವೇತನ. ಬಹುಮಾನದ ಆಸೆ ಕಲಿಕೆಗೆ ಬಲ ಕೊಡುತ್ತದೆ ಎಂಬ ಗಟ್ಟಿ ನಂಬಿಕೆಯೇ ಇವೆಲ್ಲದರ ಹಿಂದಿದೆ. ಆದರೆ ಈ ಆಸೆ ನಮ್ಮ ತಲೆಯೊಳಗೆ ಹೋಗಿ ಮಾಡುವುದಾದರೂ ಏನು? ಕಣ್ಣು ಒಂದು ಕ್ಷಣ ಕಂಡದ್ದನ್ನು ಮನಸ್ಸು ಕೆಲವು ಸೆಕೆಂಡು ಹಿಡಿದಿಟ್ಟುಕೊಳ್ಳುವಾಗ, "ಇದರಿಂದ ನನಗೆ ಲಾಭವಿದೆ" ಎಂಬ ಅರಿವು ಆ ಹಿಡಿತವನ್ನು ಬಿಗಿ ಮಾಡುತ್ತದೆಯೇ?

ಕರಿಹಲಗೆಯ ಮೇಲೆ ಬರೆದದ್ದನ್ನು ನೋಡಿ, ತಲೆ ತಗ್ಗಿಸಿ, ಪುಸ್ತಕಕ್ಕೆ ಇಳಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ನೆನಪನ್ನು ದಿನಕ್ಕೆ ನೂರಾರು ಬಾರಿ ಬಳಸುತ್ತಾನೆ. ವಿಜ್ಞಾನಿಗಳು ಇದನ್ನು ಅಲ್ಪಾವಧಿಯ ದೃಶ್ಯ ಸ್ಮೃತಿ ಎನ್ನುತ್ತಾರೆ. ಇದಕ್ಕೂ ಬಹುಮಾನದ ನಿರೀಕ್ಷೆಗೂ ಇರುವ ನಂಟನ್ನು ಮನುಷ್ಯ ಕಂಡುಕೊಂಡ ಕಥೆ ದೀರ್ಘವಾದುದು. ಅದರಲ್ಲಿ ಕುತೂಹಲವಿದೆ, ಒಂದು ದೊಡ್ಡ ಎಡವಟ್ಟಿದೆ, ನಮ್ಮಂಥ ಶಿಕ್ಷಣ ಸಂಘಟನೆಗಳವರು ಗಮನಿಸಬೇಕಾದ ಪಾಠವೂ ಇದೆ.

ಇಬ್ನ್ ಸೀನಾ ಬಿಡಿಸಿದ ನಕ್ಷೆ

ಈ ಪ್ರಶ್ನೆಯ ಬೇರುಗಳನ್ನು ಹುಡುಕುತ್ತಾ ಹೋದರೆ ಸಾವಿರ ವರ್ಷಗಳ ಹಿಂದಕ್ಕೆ ತಲುಪುತ್ತೇವೆ. ಮಹಾನ್ ವೈದ್ಯ, ತತ್ವಜ್ಞಾನಿ ಇಬ್ನ್ ಸೀನಾ (ಕ್ರಿ.ಶ. 980-1037) ತಮ್ಮ 'ಕಿತಾಬುಶ್ಶಿಫಾ' ಎಂಬ ಬೃಹತ್ ಗ್ರಂಥದ ಆತ್ಮವನ್ನು ಕುರಿತ ಭಾಗದಲ್ಲಿ ಮನುಷ್ಯನ ಒಳ ಇಂದ್ರಿಯಗಳನ್ನು ವಿವರಿಸಿದ್ದಾರೆ. ಬೀಳುವ ಮಳೆಹನಿ ನಮಗೆ ಒಂದು ಬಿಂದುವಾಗಿ ಕಾಣದೆ ಗೆರೆಯಾಗಿ ಕಾಣುವುದೇಕೆ ಎಂದು ಅವರು ಕೇಳುತ್ತಾರೆ. ಕಣ್ಣಿಗೆ ಒಂದೊಂದು ಕ್ಷಣದಲ್ಲಿ ಕಾಣುವುದು ಒಂದೇ ಹನಿ, ಒಂದೇ ಜಾಗದಲ್ಲಿ. ಅದು ಗೆರೆಯಾಗಬೇಕಾದರೆ ಈಗ ತಾನೇ ಕಂಡದ್ದು ಒಳಗೆಲ್ಲೋ ಉಳಿದಿರಲೇಬೇಕು ಎಂಬುದು ಅವರ ವಾದ.

ಕಂಡ ರೂಪಗಳು ಬಂದು ಸೇರುವ ಶಕ್ತಿಯನ್ನು ಅವರು 'ಹಿಸ್ಸೆ ಮುಶ್ತರಕ್' ಎಂದೂ, ಆ ರೂಪಗಳನ್ನು ಕಾಪಿಡುವ ಶಕ್ತಿಯನ್ನು 'ಖಯಾಲ್' ಎಂದೂ ಕರೆದು, ಎರಡನ್ನೂ ಮೆದುಳಿನ ಮುಂದಿನ ಕುಹರದಲ್ಲಿ ಇಟ್ಟರು. ಆದರೆ ರೂಪ ಮಾತ್ರ ಸಾಲದು. ಕುರಿಯು ತೋಳವನ್ನು ಕಂಡೊಡನೆ ಓಡುತ್ತದೆ. ತೋಳದ ಬಣ್ಣ, ಆಕಾರಗಳನ್ನು ಕಣ್ಣು ಕಾಣುತ್ತದೆ. ಅದರ ವೈರತ್ವವನ್ನು ಕಾಣುವುದು ಯಾವುದು? ಇದಕ್ಕಾಗಿ ಇಬ್ನ್ ಸೀನಾ 'ವಹ್ಮ್' ಎಂಬ ಬೇರೆಯೇ ಶಕ್ತಿಯನ್ನು ಹೇಳಿ, ಅದನ್ನು ನಡುವಿನ ಕುಹರದಲ್ಲಿ ಇಟ್ಟರು. ಒಂದು ವಸ್ತುವಿನ ರೂಪ ಒಂದು ಕೋಣೆಯಲ್ಲಿ, ಅದರಿಂದ ನಮಗಾಗುವ ಒಳಿತು ಕೆಡುಕಿನ ಅರಿವು ಇನ್ನೊಂದು ಕೋಣೆಯಲ್ಲಿ ಎಂಬುದು ಈ ನಕ್ಷೆಯ ಸಾರ.

ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ ಈ ಬರಹ ಲ್ಯಾಟಿನ್ ಭಾಷೆಗೆ ಹೋಯಿತು. ಮುಂದೆ ಯುರೋಪಿನ ವಿದ್ವಾಂಸರು ಶತಮಾನಗಳ ಕಾಲ ಇದೇ ನಕ್ಷೆಯನ್ನು ಓದಿದರು. ಕುಹರಗಳ ಸಿದ್ಧಾಂತ ಇಂದು ಉಳಿದಿಲ್ಲ. 1664ರಲ್ಲಿ ಥಾಮಸ್ ವಿಲ್ಲಿಸ್ ಮೆದುಳಿನ ರಚನೆಯ ಬಗ್ಗೆ ಬರೆದ ನಂತರ ವಿದ್ವಾಂಸರ ಗಮನ ಖಾಲಿ ಕುಹರಗಳಿಂದ ಮೆದುಳಿನ ತಿರುಳಿನ ಕಡೆಗೆ ಹೊರಳಿತು. ಆದರೆ ಪ್ರಶ್ನೆ ಮಾತ್ರ ಉಳಿಯಿತು. ಕಂಡ ರೂಪವನ್ನು ಹಿಡಿದಿಡುವ ಶಕ್ತಿಯೂ, ಅದರ ಬೆಲೆಯನ್ನು ಅರಿಯುವ ಶಕ್ತಿಯೂ ಒಂದನ್ನೊಂದು ಮಾತನಾಡಿಸುತ್ತವೆಯೇ?

ಬಾಳೆಹಣ್ಣಿನ ಜಾಗದಲ್ಲಿ ಸೊಪ್ಪು

ಇದನ್ನು ಪ್ರಯೋಗದ ಮೂಲಕ ಪರೀಕ್ಷಿಸುವ ದಾರಿ ತೆರೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ವಾಲ್ಟರ್ ಹಂಟರ್ 1913ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಹಲವು ಬಾಗಿಲುಗಳಲ್ಲಿ ಒಂದರ ಮೇಲೆ ದೀಪ ಹೊತ್ತಿ ಆರುತ್ತದೆ. ಸ್ವಲ್ಪ ಹೊತ್ತು ತಡೆದು ಪ್ರಾಣಿಯನ್ನು ಬಿಟ್ಟರೆ, ದೀಪವಿದ್ದ ಬಾಗಿಲನ್ನು ಅದು ನೆನಪಿಟ್ಟು ಹೋಗುತ್ತದೆಯೇ ಎಂದು ನೋಡುವುದು. ಕಾಣುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ವಿಳಂಬ. ಆ ವಿಳಂಬದಲ್ಲಿ ನೆನಪಲ್ಲದೆ ಬೇರೆ ಆಸರೆಯಿಲ್ಲ. ಮುಂದಿನ ನೂರು ವರ್ಷಗಳ ಸಂಶೋಧನೆ ನಿಂತಿರುವುದು ಈ ವಿಳಂಬದ ಮೇಲೆಯೇ.

1928ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕ ಟಿಂಕಲ್‌ಪಾ ಕೋತಿಗಳ ಮೇಲೆ ಮಾಡಿದ ಪ್ರಯೋಗ ಮನ ಮುಟ್ಟುವಂಥದು. ಕೋತಿಯ ಕಣ್ಣೆದುರಿಗೇ ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ಬಾಳೆಹಣ್ಣಿನ ತುಂಡು ಇಡುತ್ತಿದ್ದರು. ನಂತರ ಮರೆ ಮಾಡಿ, ಸ್ವಲ್ಪ ಹೊತ್ತಿನ ಮೇಲೆ ಕೋತಿಯನ್ನು ಬಿಟ್ಟರೆ ಅದು ನೇರವಾಗಿ ಸರಿಯಾದ ಬಟ್ಟಲಿಗೇ ಕೈ ಹಾಕುತ್ತಿತ್ತು. ಒಂದು ದಿನ ಮರೆಯಲ್ಲಿ ಬಾಳೆಹಣ್ಣನ್ನು ತೆಗೆದು ಲೆಟ್ಯೂಸ್ ಎಂಬ ಸೊಪ್ಪನ್ನು ಇಟ್ಟರು. ಬೇರೆ ವೇಳೆಯಲ್ಲಿ ಕೋತಿ ಈ ಸೊಪ್ಪನ್ನು ಸಂತೋಷದಿಂದಲೇ ತಿನ್ನುತ್ತಿತ್ತು. ಆದರೆ ಈಗ ಬಟ್ಟಲನ್ನು ಎತ್ತಿ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಿತು. ಬಟ್ಟಲಿನ ಒಳಗೆ, ಸುತ್ತಮುತ್ತ ಹುಡುಕಿತು. ಕೆಲವೊಮ್ಮೆ ನೋಡುತ್ತಿದ್ದವರ ಕಡೆಗೆ ತಿರುಗಿ ಕಿರುಚಿತು. ಕೊನೆಗೆ ಸೊಪ್ಪನ್ನು ಮುಟ್ಟದೆ ಹೊರಟುಹೋಯಿತು.

ಇದರ ಅರ್ಥವೇನು? ಕೋತಿ "ಎಡಗಡೆಯ ಬಟ್ಟಲು" ಎಂಬುದನ್ನು ಮಾತ್ರ ನೆನಪಿಟ್ಟಿರಲಿಲ್ಲ, "ಎಡಗಡೆಯ ಬಟ್ಟಲಲ್ಲಿ ಬಾಳೆಹಣ್ಣು" ಎಂದು ನೆನಪಿಟ್ಟಿತ್ತು. ಜಾಗದ ನೆನಪಿನೊಳಗೇ ಬಹುಮಾನದ ನಿರೀಕ್ಷೆಯೂ ಬೆರೆತಿತ್ತು. ನಿರೀಕ್ಷೆ ಸುಳ್ಳಾದಾಗ, ಎಂದಿನ ರುಚಿಯಾದ ತಿನಿಸೂ ಅದಕ್ಕೆ ಬೇಡವಾಯಿತು.

ಬೆಕಿಯ ಸಿಟ್ಟು ಮತ್ತು ಒಂದು ದೊಡ್ಡ ಎಡವಟ್ಟು

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫುಲ್ಟನ್ ಅವರ ಪ್ರಯೋಗಾಲಯದಲ್ಲಿ ಕಾರ್ಲೈಲ್ ಜೇಕಬ್ಸನ್ ಎಂಬ ಮನೋವಿಜ್ಞಾನಿ ಬೆಕಿ ಮತ್ತು ಲೂಸಿ ಎಂಬ ಎರಡು ಚಿಂಪಾಂಜಿಗಳಿಗೆ ಇಂಥದೇ ಪರೀಕ್ಷೆ ಕಲಿಸಿದ್ದರು. ಬೆಕಿಗೆ ಒಂದು ಸ್ವಭಾವ. ತಪ್ಪು ಬಟ್ಟಲನ್ನು ಆರಿಸಿ ತಿನಿಸು ಕೈತಪ್ಪಿದರೆ ಸಿಟ್ಟಿನಿಂದ ನೆಲದ ಮೇಲೆ ಹೊರಳಾಡುತ್ತಿತ್ತು. ನಂತರ ಅದರ ಮೆದುಳಿನ ಹಣೆಭಾಗದ ಹಾಲೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಆಗ ಎರಡು ಬದಲಾವಣೆಗಳು ಕಂಡುಬಂದವು. ಮೊದಲನೆಯದು, ಬಟ್ಟಲು ಕೆಲವೇ ಸೆಕೆಂಡು ಮರೆಯಾದರೂ ತಿನಿಸು ಎಲ್ಲಿದೆ ಎಂಬುದು ಅದಕ್ಕೆ ನೆನಪಿರುತ್ತಿರಲಿಲ್ಲ. ಎರಡನೆಯದು, ಎಷ್ಟೇ ತಪ್ಪಾದರೂ ಅದಕ್ಕೆ ಸಿಟ್ಟೇ ಬರುತ್ತಿರಲಿಲ್ಲ.

ಒಂದೇ ಭಾಗವನ್ನು ಕಳೆದುಕೊಂಡಾಗ ನೆನಪೂ ಹೋಯಿತು, ಕೈತಪ್ಪಿದ ಬಹುಮಾನದ ದುಃಖವೂ ಹೋಯಿತು. ಈ ಎರಡನ್ನೂ ಜೋಡಿಸಿ ನೋಡಿದ್ದರೆ ನಮ್ಮ ಪ್ರಶ್ನೆಗೆ ಅಂದೇ ಅರ್ಧ ಉತ್ತರ ಸಿಗುತ್ತಿತ್ತು. ಆದರೆ ಆದದ್ದೇ ಬೇರೆ. 1935ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ನರವಿಜ್ಞಾನ ಸಮ್ಮೇಳನದಲ್ಲಿ ಈ ಫಲಿತಾಂಶಗಳನ್ನು ಮಂಡಿಸಲಾಯಿತು. ಪೋರ್ಚುಗಲ್‌ನ ವೈದ್ಯ ಎಗಾಸ್ ಮೊನಿಜ್ ಆ ಸಮ್ಮೇಳನದಲ್ಲಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಮನೋರೋಗಿಗಳ ಮೆದುಳಿನ ಮುಂಭಾಗದ ನರತಂತುಗಳನ್ನು ಕಡಿಯುವ ಶಸ್ತ್ರಚಿಕಿತ್ಸೆಯನ್ನು ಅವರು ಆರಂಭಿಸಿದರು. ಬೆಕಿಯ ಕಥೆಯೇ ಅವರಿಗೆ ಪ್ರೇರಣೆಯಾಯಿತೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ಮುಂದೆ 'ಲೊಬಾಟಮಿ' ಎಂಬ ಹೆಸರಿನಲ್ಲಿ ಅದು ಅಮೆರಿಕ, ಯುರೋಪುಗಳಲ್ಲಿ ಹಬ್ಬಿ, ಸಾವಿರಾರು ಜನರು ತಮ್ಮ ಉತ್ಸಾಹ, ಆಸೆ, ವ್ಯಕ್ತಿತ್ವಗಳನ್ನೇ ಕಳೆದುಕೊಂಡರು ಎಂಬುದರಲ್ಲಿ ಸಂಶಯವಿಲ್ಲ. 1949ರಲ್ಲಿ ಮೊನಿಜ್ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. 1950ರ ದಶಕದಲ್ಲಿ ಮನೋರೋಗಕ್ಕೆ ಔಷಧಿಗಳು ಬಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು.

ಅದೇ ಪ್ರಯೋಗದಲ್ಲಿ ಲೂಸಿಯ ವರ್ತನೆ ಇದಕ್ಕೆ ತದ್ವಿರುದ್ಧವಾಗಿತ್ತು. ಮೊದಲು ಶಾಂತವಾಗಿದ್ದ ಅದು ಶಸ್ತ್ರಚಿಕಿತ್ಸೆಯ ನಂತರ ಸಿಡಿಮಿಡಿಗೊಳ್ಳತೊಡಗಿತು. ಆದರೆ ಜನರ ಬಾಯಲ್ಲಿ ಉಳಿದದ್ದು ಬೆಕಿಯ ಕಥೆ ಮಾತ್ರ. ಅರ್ಧ ಸತ್ಯವನ್ನು ಹಿಡಿದು ಅವಸರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಕಹಿಯಾದ ಉದಾಹರಣೆಗಳು ಹೆಚ್ಚಿಲ್ಲ.

ಎರಡು ಬೇರೆ ಬೇರೆ ದಾರಿಗಳು

ಇದಾದ ಮೇಲೆ ನೆನಪಿನ ಸಂಶೋಧನೆ ಒಂದು ದಾರಿ ಹಿಡಿಯಿತು, ಬಹುಮಾನದ ಸಂಶೋಧನೆ ಇನ್ನೊಂದು ದಾರಿ ಹಿಡಿಯಿತು.

ನೆನಪಿನ ದಾರಿಯಲ್ಲಿ ದೊಡ್ಡ ಮೈಲಿಗಲ್ಲು 1971. ಆ ವರ್ಷ ಅಮೆರಿಕದಲ್ಲಿ ಹ್ವಾಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್, ಜಪಾನಿನಲ್ಲಿ ಕುಬೊಟಾ ಮತ್ತು ನಿಕಿ, ಕೋತಿಗಳ ಮೆದುಳಿನ ಮುಂಭಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿಗಳ ಮೂಲಕ ಒಂದೊಂದೇ ನರಕೋಶದ ವಿದ್ಯುತ್ ಮಿಡಿತಗಳನ್ನು ಆಲಿಸಿದರು. ತಿನಿಸು ಕಣ್ಣಿಗೆ ಮರೆಯಾದ ಮೇಲೂ ಕೆಲವು ನರಕೋಶಗಳು ಸುಮ್ಮನಾಗದೆ ವಿಳಂಬದ ಉದ್ದಕ್ಕೂ ಮಿಡಿಯುತ್ತಲೇ ಇದ್ದವು. ದೀಪ ಆರಿದರೂ ಬೆಳಕು ಉಳಿದಂತೆ. 1989ರಲ್ಲಿ ಯೇಲ್‌ನ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಕ್ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಬೇರೆ ನರಕೋಶಗಳು ನೋಟದ ಬೇರೆ ಬೇರೆ ದಿಕ್ಕುಗಳನ್ನು ನೆನಪಿಡುತ್ತವೆ ಎಂದು ತೋರಿಸಿದರು.

ಬಹುಮಾನದ ದಾರಿ ಆರಂಭವಾದದ್ದು 1954ರಲ್ಲಿ. ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್, ಇಲಿಯ ಮೆದುಳಿನ ಕೆಲವು ಜಾಗಗಳಿಗೆ ಸಣ್ಣ ವಿದ್ಯುತ್ ಸ್ಪರ್ಶ ಸಿಗುವಂತೆ ಮಾಡಿದರೆ ಇಲಿ ಮತ್ತೆ ಮತ್ತೆ ಸನ್ನೆಕೋಲನ್ನು ಒತ್ತಿ ಅದನ್ನು ಬೇಡುತ್ತದೆ ಎಂದು ಕಂಡರು. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಅವರು ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಅಧ್ಯಯನ ಮಾಡಿದರು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಿದರೆ ಇವು ಜೋರಾಗಿ ಮಿಡಿಯುತ್ತವೆ. ರಸಕ್ಕೆ ಮೊದಲು ದೀಪ ಹೊತ್ತುತ್ತದೆ ಎಂದು ಕೋತಿ ಕಲಿತ ಮೇಲೆ, ದೀಪಕ್ಕೇ ಮಿಡಿಯುತ್ತವೆ, ರಸಕ್ಕಲ್ಲ. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಾಗಿದ್ದ ಸರಿಯಾದ ಸಮಯಕ್ಕೆ ಅವುಗಳ ಮಿಡಿತ ಕುಸಿಯುತ್ತದೆ. 1997ರಲ್ಲಿ ಶುಲ್ಟ್ಸ್, ದಯಾನ್ ಮತ್ತು ಮಾಂಟಗ್ಯೂ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ಈ ಕೋಶಗಳು ಅಳೆಯುವುದು ಬಹುಮಾನವನ್ನಲ್ಲ, ನಿರೀಕ್ಷೆಗೂ ನಿಜಕ್ಕೂ ಇರುವ ಅಂತರವನ್ನು. ಟಿಂಕಲ್‌ಪಾ ಅವರ ಕೋತಿ ಸೊಪ್ಪನ್ನು ಬಿಟ್ಟು ಹೋದದ್ದರ ಗುಟ್ಟಿನ ಒಂದು ತುದಿ ಹೀಗೆ ಸುಮಾರು ಎಪ್ಪತ್ತು ವರ್ಷಗಳ ನಂತರ ಸಿಕ್ಕಿತು.

ದಾರಿಗಳು ಕೂಡಿದ್ದು

ಈ ಎರಡು ದಾರಿಗಳು ಕೂಡುವ ಸೂಚನೆ 1979ರಲ್ಲೇ ಸಿಕ್ಕಿತ್ತು. ಗೋಲ್ಡ್‌ಮನ್-ರಾಕಿಕ್ ಅವರ ತಂಡ, ಮೆದುಳಿನ ಮುಂಭಾಗದಲ್ಲಿ ಡೋಪಮೈನ್ ಬತ್ತಿಹೋದರೆ, ಆ ಭಾಗವನ್ನೇ ತೆಗೆದುಹಾಕಿದಷ್ಟು ಅಲ್ಪಾವಧಿ ನೆನಪು ಕೆಡುತ್ತದೆ ಎಂದು ತೋರಿಸಿತ್ತು. ಅದು ಹೆಚ್ಚಾದರೂ ನೆನಪು ಕೆಡುತ್ತದೆ ಎಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಸಾರಿಗೆ ಉಪ್ಪಿನಂತೆ, ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

1996ರಲ್ಲಿ ಜಪಾನಿನ ಮಸತಾಕಾ ವಟನಾಬೆ ಇದನ್ನು ನೇರವಾಗಿ ಕಂಡರು. ಕೋತಿಯು ಎಡ ಬಲಗಳಲ್ಲಿ ಒಂದನ್ನು ನೆನಪಿಡಬೇಕಾದ ಅದೇ ಹಳೆಯ ಪರೀಕ್ಷೆ. ಆದರೆ ಸಿಗುವ ತಿನಿಸು ಒಮ್ಮೆ ಒಣದ್ರಾಕ್ಷಿ, ಒಮ್ಮೆ ಎಲೆಕೋಸು, ಹೀಗೆ ಬದಲಾಗುತ್ತಿತ್ತು. ನೆನಪಿಡಬೇಕಾದ ಜಾಗ ಒಂದೇ ಆದರೂ, ಬರಲಿರುವ ತಿನಿಸು ಯಾವುದು ಎಂಬುದರ ಮೇಲೆ ವಿಳಂಬದ ಹೊತ್ತಿನ ಮಿಡಿತ ಬದಲಾಯಿತು. ಕೆಲವು ನರಕೋಶಗಳು ಜಾಗ ಮತ್ತು ತಿನಿಸು ಎರಡರ ಸುದ್ದಿಯನ್ನೂ ಒಟ್ಟಿಗೇ ಹೊತ್ತಿದ್ದವು. 1999ರಲ್ಲಿ ಅಮೆರಿಕದ ಲಿಯೋನ್ ಮತ್ತು ಶಾಡ್ಲೆನ್, ದೊಡ್ಡ ಬಹುಮಾನದ ಸೂಚನೆ ಸಿಕ್ಕಾಗ ಮುಂಭಾಗದ ಈ ನೆನಪಿನ ಮಿಡಿತ ಏರುತ್ತದೆ, ಆ ಕೋಶಕ್ಕೆ ಸೇರಿದ ದಿಕ್ಕನ್ನು ನೆನಪಿಡಬೇಕಾದಾಗ ಇನ್ನೂ ಹೆಚ್ಚು ಏರುತ್ತದೆ ಎಂದು ಅಳೆದು ತೋರಿಸಿದರು. ಬೆಕಿಯಲ್ಲಿ ಒಟ್ಟಿಗೇ ಮರೆಯಾದ ಎರಡು ಗುಣಗಳು ಒಂದೇ ನರಕೋಶದಲ್ಲಿ ಒಟ್ಟಿಗೇ ಸಿಕ್ಕಿದವು.

ಆದರೆ ಒಂದು ಸಂಶಯ ಉಳಿಯಿತು. ಮಿಡಿತ ಏರಿದ್ದು ಬಹುಮಾನದ ಬೆಲೆಯಿಂದಲೋ, ಅಥವಾ ಬರೀ ಹುರುಪಿನಿಂದಲೋ? ಬೆಲ್ಲದ ಆಸೆಗೂ ಹುಡುಗ ಓದುತ್ತಾನೆ, ಬೆತ್ತದ ಭಯಕ್ಕೂ ಓದುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. 2004ರಲ್ಲಿ ರೋಶ್ ಮತ್ತು ಓಲ್ಸನ್ ಕೋತಿಗಳಿಗೆ ಒಂದೆಡೆ ಬಹುಮಾನ, ಇನ್ನೊಂದೆಡೆ ಸುಮ್ಮನೆ ಕಾಯಬೇಕಾದ ದಂಡನೆ, ಎರಡನ್ನೂ ಮುಂದಿಟ್ಟು ಪರೀಕ್ಷಿಸಿದರು. ಚಲನೆಯನ್ನು ಸಿದ್ಧಪಡಿಸುವ ಭಾಗದ ಕೋಶಗಳು ದೊಡ್ಡ ಬಹುಮಾನಕ್ಕೂ ದೊಡ್ಡ ದಂಡನೆಗೂ ಸಮಾನವಾಗಿ ಎಚ್ಚೆತ್ತವು. ಅವು ತೋರಿಸಿದ್ದು ಹುರುಪನ್ನು. ಕಣ್ಣುಗೂಡಿನ ಮೇಲಿರುವ ಭಾಗದ ಕೋಶಗಳು ಮಾತ್ರ ಬಹುಮಾನವನ್ನೂ ದಂಡನೆಯನ್ನೂ ಬೇರೆ ಬೇರೆಯಾಗಿ ಕಂಡವು. ಅವು ತೋರಿಸಿದ್ದು ಬೆಲೆಯನ್ನು. ಮೆದುಳಿಗೆ ಬೆಲ್ಲ ಮತ್ತು ಬೆತ್ತ ಒಂದೇ ಅಲ್ಲ ಎಂದಾಯಿತು.

ಮನುಷ್ಯರಲ್ಲಿ ಕಂಡದ್ದು

ಮೆದುಳನ್ನು ತೆರೆಯದೆಯೇ ಅದರ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆ ಎಂದು ಕಾಂತಶಕ್ತಿಯ ಯಂತ್ರದಿಂದ ನೋಡುವ ವಿಧಾನ 1990ರ ದಶಕದ ಆರಂಭದಲ್ಲಿ ಬಂದಿತು. ಇದರಿಂದ ಮನುಷ್ಯರಲ್ಲೂ ಈ ಪ್ರಶ್ನೆಯನ್ನು ಕೇಳುವುದು ಸಾಧ್ಯವಾಯಿತು. 2007ರಲ್ಲಿ ಕ್ರಾಚಿಕ್ ಮತ್ತು ಡಿ'ಎಸ್ಪೊಸಿಟೊ ಅವರ ತಂಡ ಜನರಿಗೆ ಮುಖಗಳ ಮತ್ತು ದೃಶ್ಯಗಳ ಚಿತ್ರಗಳನ್ನು ತೋರಿಸಿ ಕೆಲವು ಸೆಕೆಂಡು ನೆನಪಿಡಲು ಹೇಳಿತು. ಸರಿಯಾಗಿ ನೆನಪಿಟ್ಟರೆ ಸಿಗುವ ಹಣ ಹೆಚ್ಚೋ ಕಡಿಮೆಯೋ ಎಂದು ಮೊದಲೇ ತಿಳಿಸಲಾಗುತ್ತಿತ್ತು. ಹೆಚ್ಚು ಹಣದ ನಿರೀಕ್ಷೆಯಿದ್ದಾಗ ಮೆದುಳಿನ ಮುಂಭಾಗ ಮಾತ್ರವಲ್ಲ, ಚಿತ್ರಗಳನ್ನು ಗುರುತಿಸುವ ಹಿಂಭಾಗದ ದೃಶ್ಯ ಕ್ಷೇತ್ರಗಳೂ ಬಹುಮಾನಕ್ಕೆ ತಕ್ಕಂತೆ ಬದಲಾದವು. ಇಬ್ನ್ ಸೀನಾ ಎರಡು ಕೋಣೆಗಳಲ್ಲಿ ಇಟ್ಟಿದ್ದ ರೂಪ ಮತ್ತು ಬೆಲೆಗಳ ನಡುವೆ ಬಾಗಿಲು ತೆರೆದೇ ಇದೆ ಎಂದಂತಾಯಿತು.

ಹಾಗಾದರೆ ಬಹುಮಾನವನ್ನು ಹೆಚ್ಚಿಸುತ್ತಾ ಹೋದರೆ ನೆನಪೂ ಹೆಚ್ಚುತ್ತಾ ಹೋಗುತ್ತದೆಯೇ? ಇಲ್ಲ. 1997ರಲ್ಲಿ ಲಕ್ ಮತ್ತು ವೋಗೆಲ್ ತೋರಿಸಿದಂತೆ ಕಣ್ಣಿನ ಅಲ್ಪಾವಧಿ ನೆನಪು ಹಿಡಿಯುವುದು ಸುಮಾರು ನಾಲ್ಕು ವಸ್ತುಗಳನ್ನು ಮಾತ್ರ. ಹಲವು ವಸ್ತುಗಳಲ್ಲಿ ಒಂದಕ್ಕೆ ಹೆಚ್ಚು ಬಹುಮಾನವೆಂದರೆ, ಆ ಒಂದು ಹೆಚ್ಚು ನಿಖರವಾಗಿ ನೆನಪಿರುತ್ತದೆ, ಉಳಿದವು ಮಸುಕಾಗುತ್ತವೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಟ್ಟು ಹಣವನ್ನು ಹೆಚ್ಚಿಸಿದರೂ ದೃಶ್ಯ ಸ್ಮೃತಿ ಉತ್ತಮವಾಗಲಿಲ್ಲ. ಅಂದರೆ ಬಹುಮಾನ ಪಾತ್ರೆಯನ್ನು ದೊಡ್ಡದು ಮಾಡುವುದಿಲ್ಲ. ಪಾತ್ರೆಯಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬುದನ್ನು ಮಾತ್ರ ಬದಲಿಸುತ್ತದೆ.

ನಮಗೆ ಇದರಲ್ಲಿರುವ ಪಾಠ

ಕೋತಿಗಳ ಪ್ರಯೋಗವನ್ನು ಹಾಗೆಯೇ ತಂದು ಮಕ್ಕಳ ಶಿಕ್ಷಣಕ್ಕೆ ಹೊಂದಿಸುವುದು ತಪ್ಪು. ಕೆಲವು ಸೆಕೆಂಡುಗಳ ನೆನಪೂ ಒಂದು ವರ್ಷದ ಓದೂ ಒಂದೇ ಅಲ್ಲ. ಅವಸರದ ತೀರ್ಮಾನ ಏನು ಮಾಡುತ್ತದೆ ಎಂಬುದನ್ನು ಬೆಕಿಯ ಕಥೆಯಲ್ಲಿ ಕಂಡಿದ್ದೇವೆ. ಆದರೂ ಎರಡು ಮಾತುಗಳನ್ನು ಎಚ್ಚರದಿಂದ ಹೇಳಬಹುದು.

ಮೊದಲನೆಯದು, ಬಹುಮಾನ ಗಮನವನ್ನು ಎತ್ತ ತಿರುಗಿಸುತ್ತದೆ ಎಂಬುದನ್ನು ನಾವು ನೋಡಿಕೊಳ್ಳಬೇಕು. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, "ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿದರು. ಕೆಲವು ಮಕ್ಕಳಿಗೆ ಹೇಳದೆಯೇ ಕೊನೆಯಲ್ಲಿ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಮಾತ್ರ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿದ್ದರು. ಅವರ ಕಣ್ಣು ಚಿತ್ರದಿಂದ ಪ್ರಶಸ್ತಿ ಪತ್ರಕ್ಕೆ ಹೊರಳಿತ್ತು. ಆದ್ದರಿಂದ ಅಂಕಗಳಿಗೆ ಮಾತ್ರ ಬಹುಮಾನವಿಟ್ಟರೆ ಮಕ್ಕಳು ಅಂಕಗಳನ್ನು ಮಾತ್ರ ನೋಡಿಯಾರು. ಓದುವ ಅಭ್ಯಾಸ, ಕೇಳುವ ಪ್ರಶ್ನೆ, ಸೋತು ಮತ್ತೆ ಯತ್ನಿಸಿದ ಛಲ, ಇವುಗಳನ್ನೂ ಗುರುತಿಸುವ ಬಗೆಯನ್ನು ನಮ್ಮ ಸಂಘಟನೆಗಳು ಯೋಚಿಸಬೇಕು.

ಎರಡನೆಯದು, ಬಹುಮಾನ ವಿತರಣೆಯ ದಿನ ವೇದಿಕೆಗೆ ಬರುವ ಮಕ್ಕಳನ್ನು ಎಲ್ಲರೂ ನೋಡುತ್ತಾರೆ. ಬರುತ್ತದೆಂದು ಕಾದು ಹೆಸರು ಕೇಳದೆ ಹೋದ ಮಗು ಸಭೆಯಲ್ಲಿ ಎಲ್ಲೋ ಕುಳಿತಿರುತ್ತದೆ. ಬರಬೇಕಾದ ಹೊತ್ತಿಗೆ ಬಹುಮಾನ ಬಾರದೆ ಹೋದರೆ ಮೆದುಳಿನಲ್ಲಿ ಒಂದು ಕುಸಿತ ಉಂಟಾಗುತ್ತದೆ ಎಂಬುದು ಅಳೆದು ನೋಡಿದ ಸತ್ಯ. ಆ ಗಳಿಗೆಯಲ್ಲಿ, ಇದ್ದ ಒಳ್ಳೆಯದೂ ಬೇಡವಾಗುತ್ತದೆ. ಎಪ್ಪತ್ತೆಂಟು ಶೇಕಡ ಅಂಕ ತೆಗೆದ ಹುಡುಗಿ, ಎಂಬತ್ತು ಬಂದಿದ್ದರೆ ಸನ್ಮಾನ ಸಿಗುತ್ತಿತ್ತೆಂದು ಕೊರಗಿ, ತನ್ನ ಎಪ್ಪತ್ತೆಂಟನ್ನು ಸೊಪ್ಪಿನಂತೆ ಬದಿಗೆ ತಳ್ಳಬಹುದು.

ತಂದೆ ತಾಯಂದಿರೇ, ಸಂಘದ ಹಿರಿಯರೇ, ಆ ದಿನ ಅಂಥ ಮಗುವನ್ನು ಹುಡುಕಿ ಹೋಗಿ ನಾಲ್ಕು ಮಾತನಾಡಿಸಿ. ಪ್ರಿಯ ವಿದ್ಯಾರ್ಥಿಗಳೇ, ನೀವೂ ಒಂದು ಮಾತು ನೆನಪಿಡಿ. ಬಹುಮಾನದ ಆಸೆ ಕೆಟ್ಟದ್ದಲ್ಲ, ಅದು ನಿಮ್ಮ ನೋಟಕ್ಕೆ ದಿಕ್ಕು ಕೊಡುತ್ತದೆ. ಆದರೆ ಆ ದಿಕ್ಕಿನಲ್ಲಿ ನೀವು ನೋಡಬೇಕಾದದ್ದು ಬಟ್ಟಲನ್ನು ಮಾತ್ರವಲ್ಲ. ಅದನ್ನು ಎತ್ತುವವರೆಗೆ ನೀವು ಕಲಿತದ್ದೇನು ಎಂಬುದನ್ನೂ ನೋಡಿಕೊಳ್ಳಿ. ಬಾಳೆಹಣ್ಣು ಸಿಗದ ದಿನವೂ ಅದು ನಿಮ್ಮಲ್ಲೇ ಉಳಿದಿರುತ್ತದೆ.